ಕೊಂಡವನ ಧರ್ಮ

ಕೂಗಿ ಮಾರುವ ಪದ್ಧತಿಗೆ ನಮ್ಮಲ್ಲಿ ಎರಡು ಹೆಸರುಗಳು ಬಳಕೆಯಲ್ಲಿವೆ. ಮೈಸೂರಿನ ಕಡೆಯವರು ‘ಹರಾಜು’ ಎನ್ನುತ್ತಾರೆ. ಧಾರವಾಡದ ಕಡೆಯವರು ‘ಲಿಲಾವು’ ಎನ್ನುತ್ತಾರೆ. ಮೊದಲನೆಯದು ಅರಬ್ಬಿಯಿಂದ ಹೊರಟು ಉರ್ದುವಿನ ಮೂಲಕ ನಮ್ಮಲ್ಲಿಗೆ ಬಂದದ್ದು. ಎರಡನೆಯದು ಪೋರ್ಚುಗೀಸರ ಮಾತಿನಿಂದ ಹುಟ್ಟಿದ್ದು. ಬೆಲೆಯನ್ನು ಏರಿಸಿ ಕೂಗುವುದಕ್ಕೆ ‘ಸವಾಲು’ ಎಂದು ಹೆಸರು. ಅದೂ ಹೊರಗಿನ ಮಾತೇ. ಆದರೆ ಹೆಸರುಗಳು ಹೊರಗಿನವು ಎಂದ ಮಾತ್ರಕ್ಕೆ ಪದ್ಧತಿಯೂ ಹೊರಗಿನದೆಂದು ತಿಳಿಯಬೇಕಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ, ಹೊಲ, ತೋಟ, ಕೆರೆಗಳನ್ನು ಮಾರುವ ವಿಧಿಯೊಂದು ಇದೆ. ನೆರೆಹೊರೆಯ ನಲವತ್ತು ಕುಲದವರ ಇದಿರಿನಲ್ಲಿ, ಮಾರುವ ಸ್ವತ್ತಿನ ಮುಂದೆಯೇ ನಿಂತು, ಅದರ ಎಲ್ಲೆಗಳನ್ನು ಇದ್ದುದನ್ನು ಇದ್ದಂತೆ ಹೇಳಿ, ಈ ಬೆಲೆಗೆ ಕೊಳ್ಳುವವರು ಯಾರೆಂದು ಮೂರು ಸಲ ಸಾರಬೇಕು. ಯಾರೂ ಅಡ್ಡಿ ಹೇಳದಿದ್ದರೆ ಕೊಳ್ಳುವವನು ಕೊಳ್ಳಬಹುದು. ಪೈಪೋಟಿಯಿಂದ ಬೆಲೆ ಏರಿದರೆ ಏರಿದ ಹಣವೆಲ್ಲ ಸುಂಕದೊಡನೆ ಅರಸನ ಬೊಕ್ಕಸಕ್ಕೆ ಸೇರಬೇಕು.

ಈ ವಿಧಿಯನ್ನು ಮೇಲೆ ಮೇಲೆ ಓದಿದವರಿಗೆ ಅರಸನ ಲೋಭವೇ ಕಾಣಿಸೀತು. ಸ್ವಲ್ಪ ನಿಂತು ನೋಡಿದರೆ ಬೇರೊಂದು ಸಂಗತಿಯೂ ಕಾಣುತ್ತದೆ. ಏರಿದ ಹಣ ಮಾರುವವನ ಕೈಸೇರುವುದಿಲ್ಲ ಎಂದ ಮೇಲೆ, ಗುಂಪಿನಲ್ಲಿ ತನ್ನವನೊಬ್ಬನನ್ನು ನಿಲ್ಲಿಸಿ ಸುಳ್ಳು ಸವಾಲು ಕೂಗಿಸುವುದರಿಂದ ಅವನಿಗೆ ಬರುವ ಲಾಭವೇನು? ಹರಾಜಿನಲ್ಲಿ ಮೋಸಕ್ಕೆ ಎಡೆಯುಂಟೆಂಬುದನ್ನು ನಮ್ಮ ಹಿಂದಿನವರು ಬಲ್ಲರು. ಆದುದರಿಂದಲೇ ನಲವತ್ತು ಕುಲಗಳ ಕಣ್ಣು, ಮೂರು ಸಲದ ಕೂಗು, ಎಲ್ಲೆಗಳ ಸತ್ಯವಾದ ವಿವರ ಇವಿಷ್ಟನ್ನೂ ಕಟ್ಟುಮಾಡಿದರು. ಹರಾಜಿನ ಜೀವವೆಲ್ಲ ಅದರ ಬಹಿರಂಗತೆಯಲ್ಲಿದೆ. ಬಹಿರಂಗತೆ ಹೋದರೆ ಉಳಿಯುವುದು ಬರಿಯ ಕೂಗು.

ರೋಮನರಲ್ಲಿಯೂ ಹರಾಜು ಹಳೆಯದು. ಯುದ್ಧದಲ್ಲಿ ಗೆದ್ದ ಸೂರೆಯನ್ನು ನೆಲದಲ್ಲಿ ನೆಟ್ಟ ಈಟಿಯ ಕೆಳಗೆ ಮಾರುತ್ತಿದ್ದರು. ಸ್ಪೇನಿನವರು ಇಂದಿಗೂ ಹರಾಜಿಗೆ ‘ಈಟಿಯಡಿ’ ಎಂಬ ಅರ್ಥದ ಮಾತನ್ನೇ ಬಳಸುತ್ತಾರೆ. ಆ ರೋಮಿನಲ್ಲಿ ಕ್ರಿಸ್ತಶಕ ೧೯೩ರಲ್ಲಿ ನಡೆದ ಒಂದು ಹರಾಜು ಲೋಕಪ್ರಸಿದ್ಧವಾಗಿದೆ. ಅರಮನೆಯ ಕಾವಲುಪಡೆಯವರು ಚಕ್ರವರ್ತಿ ಪರ್ಟಿನಾಕ್ಸನನ್ನು ಕೊಂದು, ಸಾಮ್ರಾಜ್ಯವನ್ನೇ ಹರಾಜಿಗೆ ಇಟ್ಟರು. ಪಾಳೆಯದ ಒಳಗಿನಿಂದ ಸತ್ತ ಚಕ್ರವರ್ತಿಯ ಮಾವ ಕೂಗಿದ; ಗೋಡೆಯ ಹೊರಗಿನಿಂದ ಡಿಡಿಯಸ್ ಜೂಲಿಯಾನಸ್ ಎಂಬ ಧನಿಕ ಕೂಗಿದ. ಸಿಪಾಯಿಯೊಬ್ಬನಿಗೆ ೨೫,೦೦೦ ಸೆಸ್ಟರ್ಸ್ ನಾಣ್ಯಗಳ ಲೆಕ್ಕದಲ್ಲಿ ಸವಾಲು ಜೂಲಿಯಾನಸನಿಗೆ ನಿಂತಿತು. ಅವನು ಆಳಿದ್ದು ೬೬ ದಿನ. ಅನಂತರ ತಲೆ ಹೋಯಿತು. ಮಾರಿದವರಿಗೆ ಮಾರುವ ಹಕ್ಕಿರಲಿಲ್ಲ, ಕೊಂಡವನಿಗೆ ಅದು ಗೊತ್ತಿತ್ತು, ಆದರೂ ಕೊಂಡ. ಇಲ್ಲಿ ತಪ್ಪು ಯಾರದು? ಕಾವಲುಗಾರರದಂತೂ ಹೌದು, ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಅದು. ಆದರೆ ಕೊಳ್ಳುವವನೊಬ್ಬನೂ ಇರದಿದ್ದರೆ ಆ ಹರಾಜು ನಡೆಯುತ್ತಿತ್ತೆ?

ಈ ಪ್ರಶ್ನೆ ಚಕ್ರವರ್ತಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅಂಚೆಚೀಟಿ, ಹಳೆಯ ನಾಣ್ಯ, ಓಲೆಯ ಕಟ್ಟು, ಕಂಚಿನ ದೀಪ, ಹಳೆಯ ಪುಸ್ತಕ ಇವುಗಳನ್ನು ಕೂಡಿಡುವ ಹವ್ಯಾಸ ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳಲ್ಲಿದೆ. ಒಳ್ಳೆಯ ಹವ್ಯಾಸ, ಚರಿತ್ರೆಯನ್ನು ಕೈಯಲ್ಲಿ ಹಿಡಿದು ನೋಡುವ ಸುಖ ಅದರಲ್ಲಿದೆ. ಈಗಂತೂ ಹರಾಜಿನ ಕಟ್ಟೆ ಅಂಗೈಯಗಲದ ದೂರವಾಣಿಯೊಳಗೆ ಬಂದು ಕುಳಿತಿದೆ. ಕುಳಿತಲ್ಲಿಂದಲೇ ಸವಾಲು ಕೂಗಬಹುದು. ಮಾರುವವನ ಮುಖ ಮಾತ್ರ ಕಾಣುವುದಿಲ್ಲ. ಹೀಗಿರುವಲ್ಲಿ, ನಂಬಿಕೆಗೆಟ್ಟದ್ದೆಂದು ತಿಳಿದ ಹರಾಜುಮನೆಯಿಂದ ವಸ್ತುವನ್ನು ಕೊಳ್ಳಬಹುದೆ, ಕೊಳ್ಳಬಾರದೆ ಎಂಬುದು ವಿಚಾರಿಸತಕ್ಕ ಮಾತಾಗಿದೆ.

ಹರಾಜನ್ನೇ ಕಸುಬಾಗಿ ಮಾಡಿಕೊಂಡ ದೊಡ್ಡ ಮನೆಗಳು ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಬೆಳೆದವು. ೧೭೪೪ರಲ್ಲಿ ಸ್ಯಾಮ್ಯುಯಲ್ ಬೇಕರ್ ಎಂಬ ಪುಸ್ತಕವ್ಯಾಪಾರಿ ತೊಡಗಿದ್ದು ಮುಂದೆ ಸಾದಬೀಸ್ ಆಯಿತು. ೧೭೬೬ರಲ್ಲಿ ಜೇಮ್ಸ್ ಕ್ರಿಸ್ಟಿ ತೊಡಗಿದ್ದು ಕ್ರಿಸ್ಟೀಸ್ ಆಯಿತು. ಹರಾಜುಮನೆ ವಸ್ತುವಿನ ಒಡೆಯನಲ್ಲ. ಅದು ನಡುವಣ ದಲ್ಲಾಳಿ. ವಸ್ತುವನ್ನು ತಂದುಕೊಟ್ಟವನ ಹೆಸರು ಬಹುಮಟ್ಟಿಗೆ ಗುಟ್ಟಾಗಿಯೇ ಇರುತ್ತದೆ. ಕೊಳ್ಳುವವನು ನಂಬುವುದು ಹರಾಜುಮನೆಯ ಮಾತನ್ನು, ಅದು ಅಚ್ಚುಹಾಕಿಸಿದ ಪಟ್ಟಿಯನ್ನು. ಅಂದರೆ ಆ ಮನೆ ಮಾರುವ ಮುಖ್ಯ ಸರಕು ನಂಬಿಕೆಯೇ. ಉಳಿದದ್ದೆಲ್ಲ ಬೇರೆಯವರದು.

ಈ ನಂಬಿಕೆ ಕೆಡುವ ದಾರಿಗಳು ಮುಖ್ಯವಾಗಿ ಮೂರು. ಒಂದು, ಬೆಲೆಯಲ್ಲಿ ಮೋಸ. ಎರಡು, ವಸ್ತುವಿನಲ್ಲಿ ಮೋಸ. ಮೂರು, ವಸ್ತುವಿನ ಮೂಲದಲ್ಲಿ ಮೋಸ.

ಬೆಲೆಯ ಮೋಸ ಎಲ್ಲ ಕಡೆಯಿಂದಲೂ ಬರಬಲ್ಲದು. ೧೯೧೯ರಲ್ಲಿ ಇಂಗ್ಲೆಂಡಿನ ಸರಿ ಪ್ರಾಂತದ ರಕ್ಸ್ಲಿ ಲಾಡ್ಜ್ ಎಂಬ ಮನೆಯ ಪುಸ್ತಕಭಂಡಾರ ಹರಾಜಾಯಿತು. ಬಂದಿದ್ದ ಪುಸ್ತಕವ್ಯಾಪಾರಿಗಳು ತಮ್ಮತಮ್ಮಲ್ಲೇ ಕೂಟ ಕಟ್ಟಿಕೊಂಡು, ಒಬ್ಬರ ಮೇಲೊಬ್ಬರು ಸವಾಲು ಕೂಗದೆ ಸುಮಾರು ೩,೭೦೦ ಪೌಂಡಿಗೆ ಹರಾಜನ್ನು ಮುಗಿಸಿದರು. ಅನಂತರ ಮರೆಯಲ್ಲಿ ಸೇರಿ, ತಮ್ಮೊಳಗೇ ಸುತ್ತುಸುತ್ತಾಗಿ ಮರುಹರಾಜು ಮಾಡಿಕೊಂಡರು. ಅಲ್ಲಿ ಅದೇ ಪುಸ್ತಕಗಳ ಬೆಲೆ ೧೯,೦೦೦ ಪೌಂಡನ್ನು ಮೀರಿತು. ನಡುವಣ ಹಣವೆಲ್ಲ ನ್ಯಾಯವಾಗಿ ಮಾರಿದವರಿಗೆ ಸೇರಬೇಕಾಗಿದ್ದದ್ದು. ಇಂತಹ ಕೂಟಗಳನ್ನು ತಡೆಯಲು ಬ್ರಿಟನ್ನಿನಲ್ಲಿ ೧೯೨೭ರಲ್ಲಿ ಕಾಯಿದೆ ಬಂತು. ಕೊಳ್ಳುವವರೆಲ್ಲ ಸಾಧುಗಳು, ಮಾರುವವರೆಲ್ಲ ಕಪಟಿಗಳು ಎಂಬ ಮಾತು ಸಲ್ಲದೆಂಬುದಕ್ಕೆ ಇದು ನಿದರ್ಶನ.

ಇನ್ನು ಮೇಲಿನವರ ಮಾತು. ಸಾದಬೀಸ್ ಮತ್ತು ಕ್ರಿಸ್ಟೀಸ್ ಹೊರಗೆ ಜಗಳವಾಡುತ್ತ, ಒಳಗೆ ಕೈಕೈ ಹಿಡಿದು, ಮಾರಲು ತಂದವರಿಂದ ಕೀಳುವ ದಲ್ಲಾಳಿಯನ್ನು ಗುಟ್ಟಾಗಿ ಒಂದೇ ಸಮ ನಿಗದಿಮಾಡಿಕೊಂಡಿದ್ದವು. ಈ ಸಂಗತಿ ೨೦೦೦ದಲ್ಲಿ ಬಯಲಾಯಿತು. ಮೋಸಹೋದ ಗಿರಾಕಿಗಳಿಗೆ ಎರಡು ಮನೆಗಳೂ ಸೇರಿ ೫೧ ಕೋಟಿ ೨೦ ಲಕ್ಷ ಡಾಲರುಗಳ ಪರಿಹಾರಕ್ಕೆ ಒಪ್ಪಬೇಕಾಯಿತು. ಸಾದಬೀಸಿನ ಅಧ್ಯಕ್ಷನಾಗಿದ್ದ ಆಲ್ಫ್ರೆಡ್ ಟಾಬ್ಮನ್ನನಿಗೆ ೨೦೦೨ರಲ್ಲಿ ಒಂದು ವರ್ಷ ಒಂದು ದಿನದ ಸೆರೆಮನೆಯೂ ೭೫ ಲಕ್ಷ ಡಾಲರು ದಂಡವೂ ವಿಧಿಸಲ್ಪಟ್ಟಿತು. ಶತಮಾನಗಳ ಹೆಸರು ಇದ್ದ ಮಾತ್ರಕ್ಕೆ ಸತ್ಯವೂ ಇದ್ದೇ ಇರುತ್ತದೆಂದು ಹೇಳಲಾಗದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ವಸ್ತುವಿನ ಮೋಸಕ್ಕೆ ಅಮೆರಿಕದ ಒಂದು ಕಥೆ ಸಾಕು. ನಮ್ಮ ಹುಡುಗರು ಬೆಂಕಿಪೆಟ್ಟಿಗೆಯ ಚಿತ್ರಗಳನ್ನು ಕೂಡಿಡುವಂತೆ ಅಲ್ಲಿಯವರು ಚೆಂಡಾಟಗಾರರ ಚಿತ್ರಪತ್ರಗಳನ್ನು ಕೂಡಿಡುತ್ತಾರೆ. ೧೯೦೯ರಿಂದ ೧೯೧೧ರವರೆಗೆ ಸಿಗರೇಟಿನೊಡನೆ ಬಂದ ಇಂತಹ ಪತ್ರಗಳಲ್ಲಿ ಹೋನಸ್ ವಾಗ್ನರ್ ಎಂಬ ಆಟಗಾರನದು ಬಹಳ ಅಪರೂಪ. ಅದರ ಪ್ರತಿಯೊಂದು ೧೯೯೧ರಲ್ಲಿ ೪,೫೧,೦೦೦ ಡಾಲರಿಗೂ ೨೦೦೭ರಲ್ಲಿ ೨೮ ಲಕ್ಷ ಡಾಲರಿಗೂ ಮಾರಾಟವಾಯಿತು. ಅಂಚುಗಳು ನೂರು ವರ್ಷಗಳ ಬಳಿಕವೂ ಕೂರಲಗಿನಂತೆ ನೇರವಾಗಿದ್ದುದೇ ಅದರ ಹಿರಿಮೆ. ಆ ಅಂಚುಗಳನ್ನು ಚೆನ್ನಾಗಿ ಕಾಣಲೆಂದು ತಾನೇ ಕತ್ತರಿಸಿದ್ದಾಗಿ, ಒಮ್ಮೆ ಆ ಪತ್ರದ ಒಡೆಯನಾಗಿದ್ದ ಬಿಲ್ ಮಾಸ್ಟ್ರೋ ೨೦೧೩ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ಅವನು ಆ ದೇಶದ ದೊಡ್ಡದೊಂದು ಹರಾಜುಮನೆಯ ಯಜಮಾನನೂ ಆಗಿದ್ದ. ತನ್ನ ಹರಾಜುಗಳಲ್ಲಿ ಸುಳ್ಳು ಸವಾಲುಗಳಿಂದ ಬೆಲೆ ಏರಿಸಿದ್ದನ್ನೂ ಒಪ್ಪಿಕೊಂಡ. ೨೦೧೫ರಲ್ಲಿ ಅವನಿಗೆ ಇಪ್ಪತ್ತು ತಿಂಗಳ ಸೆರೆಯಾಯಿತು.

ಬೆಲೆಯ ಮೋಸದಲ್ಲಿ ಹೋಗುವುದು ಹಣ. ವಸ್ತುವಿನ ಮೋಸದಲ್ಲಿಯೂ ಹೋಗುವುದು ಹಣವೇ. ಮೂರನೆಯದಾದ ಮೂಲದ ಮೋಸದಲ್ಲಿ ಹೋಗುವುದು ಹಣವಲ್ಲ. ಅಲ್ಲಿ ಕೊಂಡವನಿಗೆ ನಷ್ಟವೇ ಆಗದಿರಬಹುದು; ಬೆಲೆ ಸರಿ, ವಸ್ತುವೂ ಅಪ್ಪಟ. ನಷ್ಟವೆಲ್ಲ ಹರಾಜಿನ ಹತ್ತಿರ ಎಂದೂ ಸುಳಿಯದ ಮೂರನೆಯವರಿಗೆ. ಆದಕಾರಣ ಇದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ.

ಉತ್ತರಪ್ರದೇಶದ ಬುಂದೇಲಖಂಡ ಸೀಮೆಯಲ್ಲಿ ಲೋಖರಿ ಎಂಬ ಹಳ್ಳಿಯಿದೆ. ಸುಮಾರು ಹತ್ತನೆಯ ಶತಮಾನದ ಯೋಗಿನಿಯರ ಶಿಲಾಮೂರ್ತಿಗಳ ಗುಂಪೊಂದು ಅಲ್ಲಿ ಇತ್ತು. ಹೆಂಗಸಿನ ಮೈ, ಪ್ರಾಣಿಯ ಮುಖ. ಒಬ್ಬಳು ಕುದುರೆಮೊಗದವಳು, ಒಬ್ಬಳು ಆನೆಮೊಗದವಳು, ಒಬ್ಬಳು ಆಡಿನ ಮೊಗದವಳು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪರವಾಗಿ ವಿದುಷಿ ವಿದ್ಯಾ ದೆಹೇಜಿಯಾ ಯೋಗಿನೀ ಗುಡಿಗಳನ್ನು ಕುರಿತು ಬರೆದ ಗ್ರಂಥ ೧೯೮೬ರಲ್ಲಿ ಹೊರಬಂತು. ಲೋಖರಿಯ ಮೂರ್ತಿಗಳ ವಿಚಾರವೂ ಅದರಲ್ಲಿತ್ತು. ೧೯೮೦ರ ದಶಕದಲ್ಲಿಯೇ ಆ ಮೂರ್ತಿಗಳ ಮೇಲೆ ಕಳ್ಳರ ಕೈ ಬಿತ್ತು. ಆಡಿನ ಮೊಗದ ಯೋಗಿನಿ ೧೯೮೮ರಲ್ಲಿ ಲಂಡನ್ನಿನ ಕಲಾಪೇಟೆಯಲ್ಲಿ ಒಮ್ಮೆ ತಲೆದೋರಿ ಮತ್ತೆ ಮರೆಯಾದಳು.

೧೯೯೭ರಲ್ಲಿ ಪೀಟರ್ ವಾಟ್ಸನ್ ಎಂಬ ಪತ್ರಕರ್ತನು ಸಾದಬೀಸಿನ ಒಳಗುಟ್ಟುಗಳನ್ನು ಕುರಿತು ಒಂದು ಪುಸ್ತಕ ಬರೆದ. ಅದೇ ಸಂಸ್ಥೆಯಲ್ಲಿ ಕೆಲಸ ಮಾಡಿದವನೊಬ್ಬನಿಂದ ಸಿಕ್ಕಿದ ಕಾಗದಪತ್ರಗಳು ಅದಕ್ಕೆ ಆಧಾರ. ಇಟಲಿಯಿಂದ ಹಳೆಯ ಚಿತ್ರ ಗಡಿ ದಾಟಿ ಬಂದ ಬಗೆಯೂ ಭಾರತದ ಗುಡಿಗಳ ಕಲ್ಲುಗಳು ಲಂಡನ್ನಿಗೆ ಬಂದ ಬಗೆಯೂ ಅದರಲ್ಲಿದ್ದವು. ಸಂಸ್ಥೆ ಒಳವಿಚಾರಣೆ ನಡೆಸಬೇಕಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಪುರಾತನ ವಸ್ತುಗಳ ನಿಯತ ಹರಾಜನ್ನು ನಿಲ್ಲಿಸಿತು. ಭಾರತದಲ್ಲಿ, ಲಂಡನ್ನಿಗೆ ಮೂರ್ತಿಗಳನ್ನು ಸಾಗಿಸುತ್ತಿದ್ದನೆಂಬ ಆರೋಪದ ಮೇಲೆ ಜೈಪುರದ ವ್ಯಾಪಾರಿಯೊಬ್ಬನನ್ನು ೨೦೦೩ರಲ್ಲಿ ಪೊಲೀಸರು ಹಿಡಿದರು. ೨೦೦೮ರಲ್ಲಿ ಕೆಳಗಿನ ನ್ಯಾಯಾಲಯ ಶಿಕ್ಷೆ ವಿಧಿಸಿತು. ೨೦೧೪ರಲ್ಲಿ ಹೈಕೋರ್ಟು ಅವನನ್ನು ಬಿಡುಗಡೆ ಮಾಡಿತು. ಕದ್ದದ್ದು ಗಡಿ ದಾಟಿ, ಕೈಯಿಂದ ಕೈಗೆ ಹೋದ ಮೇಲೆ ಕೋರ್ಟಿನಲ್ಲಿ ರುಜುವಾತು ಮಾಡುವುದು ಎಷ್ಟು ಕಷ್ಟವೆಂಬುದು ಇದರಿಂದ ತಿಳಿಯುತ್ತದೆ. ರಾಜದಂಡಕ್ಕೆ ಎಟುಕದ ಎಡೆಯಲ್ಲಿ ಕೆಲಸ ಮಾಡಬೇಕಾದದ್ದು ಕೊಳ್ಳುವವನ ವಿವೇಕ.

ಈ ವಿವೇಕವನ್ನು ನಮ್ಮ ಧರ್ಮಶಾಸ್ತ್ರಕಾರರು ಬಹು ಹಿಂದೆಯೇ ನಿರೂಪಿಸಿದ್ದಾರೆ. ಮನು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ‘ಅಸ್ವಾಮಿವಿಕ್ರಯ’ವೂ ಒಂದು, ಒಡೆಯನಲ್ಲದವನು ಮಾಡಿದ ಮಾರಾಟ ಎಂದು ಅದರ ಅರ್ಥ. ಯಾಜ್ಞವಲ್ಕ್ಯ ಸ್ಮೃತಿ ಒಂದು ಹೆಜ್ಜೆ ಮುಂದೆ ಹೋಗಿ ಕೊಂಡವನನ್ನೇ ಹಿಡಿದು ನಿಲ್ಲಿಸುತ್ತದೆ. ಆ ವಸ್ತು ಇರಲು ಯೋಗ್ಯನಲ್ಲದವನಿಂದ, ಏಕಾಂತದಲ್ಲಿ, ತೀರ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನೂ ಕಳ್ಳನೇ ಎಂಬುದು ಅದರ ತಾತ್ಪರ್ಯ. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಇದ್ದವನು. ಕನ್ನಡನಾಡಿನಲ್ಲಿ ಕುಳಿತು ಬರೆದ ಆ ಗ್ರಂಥ ಭಾರತದ ಬಹುಭಾಗಕ್ಕೆ ನ್ಯಾಯದ ಕೈಪಿಡಿಯಾಯಿತು.

ಬಹಿರಂಗವಾಗಿ, ಹತ್ತು ಜನರ ಮುಂದೆ, ಅರಿಯದೆ ಕೊಂಡವನ ಗತಿಯೇನು? ಮನುವಿನ ತೀರ್ಪು ಇಲ್ಲಿ ಸೂಕ್ಷ್ಮವಾಗಿದೆ. ಮಾರಿದವನನ್ನು ತಂದು ತೋರಿಸಲಾಗದಿದ್ದರೂ ಬಹಿರಂಗ ಕ್ರಯದಿಂದ ಶುದ್ಧನಾದವನಿಗೆ ಅರಸನ ದಂಡವಿಲ್ಲ. ಆದರೆ ವಸ್ತು ಮಾತ್ರ ಕಳೆದುಕೊಂಡವನಿಗೇ ಸೇರತಕ್ಕದ್ದು. ಮಾರಿದವನಿಗೆ ಸ್ಮೃತಿ ಬಳಸುವ ಮಾತೇ ‘ಮೂಲ’. ಎಲ್ಲಿಂದ ಬಂತು, ಯಾರಿಂದ ಬಂತು ಎಂದು ಇಂದಿನ ಸಂಗ್ರಹಕಾರರು ಕೇಳುವುದೂ ಮೂಲವನ್ನೇ ತಾನೆ? ಅರಿಯದಿರುವಿಕೆ ಕೊಂಡವನನ್ನು ಶಿಕ್ಷೆಯಿಂದ ಉಳಿಸುತ್ತದೆ. ವಸ್ತುವಿನ ಒಡೆಯನನ್ನಾಗಿ ಮಾಡುವುದಿಲ್ಲ. ಈ ಎರಡನ್ನು ಬೇರೆ ಬೇರೆಯಾಗಿ ಕಂಡದ್ದೇ ಸ್ಮೃತಿಕಾರರ ಹಿರಿಮೆ.

ಇಂಗ್ಲೆಂಡಿನ ಹಳೆಯ ಕಟ್ಟಳೆ ಇದಕ್ಕೆ ವಿರುದ್ಧವಾಗಿತ್ತು. ಸೂರ್ಯೋದಯದಿಂದ ಸೂರ್ಯಾಸ್ತದ ಒಳಗೆ, ನೆಲೆಗೊಂಡ ಬಹಿರಂಗ ಸಂತೆಯಲ್ಲಿ, ಒಳ್ಳೆಯ ನಂಬಿಕೆಯಿಂದ ಕೊಂಡದ್ದು ಕಳವಿನ ಮಾಲಾಗಿದ್ದರೂ ಕೊಂಡವನದೇ ಆಗುತ್ತಿತ್ತು. ಶತಮಾನಗಳ ಕಾಲ ನಡೆದ ಈ ಕಟ್ಟಳೆಯನ್ನು ಬ್ರಿಟನ್ನು ರದ್ದುಮಾಡಿ ೧೯೯೫ರಿಂದ ಕೈಬಿಟ್ಟಿತು. ಮನುವಿನ ತೀರ್ಪಿಗೆ ಲಂಡನ್ನು ಬಂದು ಸೇರಿದ್ದು ಹೀಗೆ, ತಡವಾಗಿ.

ಇದಕ್ಕೆ ಮುಂಚೆಯೇ ಲಂಡನ್ನಿನ ನ್ಯಾಯಾಲಯದಲ್ಲಿ ನಮ್ಮ ದೇವರೊಬ್ಬನು ವ್ಯಾಜ್ಯ ಗೆದ್ದದ್ದುಂಟು. ೧೯೭೬ರಲ್ಲಿ ತಂಜಾವೂರು ಜಿಲ್ಲೆಯ ಪತ್ತೂರಿನಲ್ಲಿ ಕೂಲಿಗಾರನೊಬ್ಬನಿಗೆ ನೆಲದಲ್ಲಿ ಕಂಚಿನ ನಟರಾಜನ ಮೂರ್ತಿ ಸಿಕ್ಕಿತು. ಕೈಯಿಂದ ಕೈಗೆ ಹೋಗಿ ಅದು ಲಂಡನ್ನು ಸೇರಿತು. ೧೯೮೨ರಲ್ಲಿ ಕೆನಡಾದ ಕಂಪೆನಿಯೊಂದು, ತೋರಿಸಿದ ಸುಳ್ಳು ಮೂಲವನ್ನು ನಂಬಿ, ೨,೫೦,೦೦೦ ಪೌಂಡಿಗೆ ಅದನ್ನು ಕೊಂಡಿತು. ಶುದ್ಧಿಗೆಂದು ಕೊಟ್ಟಿದ್ದಾಗ ಪೊಲೀಸರು ಮೂರ್ತಿಯನ್ನು ಹಿಡಿದರು. ೧೯೮೮ರಲ್ಲಿ ಹೈಕೋರ್ಟೂ ೧೯೯೧ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಪಾಳುಬಿದ್ದ ಆ ಗುಡಿಗೇ ಮೂರ್ತಿಯ ಮೇಲೆ ಹಕ್ಕುಂಟೆಂದು ತೀರ್ಪಿತ್ತವು. ಕಂಪೆನಿ ಒಳ್ಳೆಯ ನಂಬಿಕೆಯಿಂದಲೇ ಕೊಂಡಿತ್ತು; ಅದಕ್ಕೆ ಶಿಕ್ಷೆಯಾಗಲಿಲ್ಲ. ನಟರಾಜನು ಮಾತ್ರ ನಾಡಿಗೆ ಹಿಂದಿರುಗಿದನು.

ಸಂಗ್ರಹಕಾರರು ಸಾಮಾನ್ಯವಾಗಿ ಹೇಳುವ ಸಮಾಧಾನಗಳನ್ನೂ ಇಲ್ಲಿ ನೋಡೋಣ. ನಾನು ಕೊಳ್ಳದಿದ್ದರೆ ಇನ್ನೊಬ್ಬ ಕೊಳ್ಳುತ್ತಾನೆ ಎಂಬುದು ಮೊದಲನೆಯದು. ಕಳ್ಳನಿಗೊಂದು ಪಿಳ್ಳೆನೆವ ಎಂಬಂತೆ ಈ ಮಾತು ಯಾವ ತಪ್ಪಿಗಾದರೂ ಒಪ್ಪುತ್ತದೆ. ಎಲ್ಲ ತಪ್ಪಿಗೂ ಒಪ್ಪುವ ಸಮಾಧಾನ ಯಾವುದಕ್ಕೂ ಸಮಾಧಾನವಲ್ಲ. ನನ್ನ ಬಳಿ ವಸ್ತು ಜೋಪಾನವಾಗಿ ಉಳಿಯುತ್ತದೆ ಎಂಬುದು ಎರಡನೆಯದು. ಇದರಲ್ಲಿ ಸ್ವಲ್ಪ ಸತ್ಯವುಂಟು. ಎಷ್ಟೋ ಓಲೆಯ ಗ್ರಂಥಗಳು ಸಂಗ್ರಹಕಾರರ ಪ್ರೀತಿಯಿಂದಲೇ ಉಳಿದಿವೆ. ಆದರೆ ಒಂದು ಮೂರ್ತಿಗೆ ಕೊಟ್ಟ ಬೆಲೆ ಇನ್ನೊಂದು ಗುಡಿಯ ಬೀಗ ಒಡೆಯಲು ಕೊಟ್ಟ ಮುಂಗಡವೂ ಆಗುತ್ತದೆ. ಉಳಿಸಿದ್ದು ಒಂದು, ಅಳಿಸಿದ್ದು ಎಷ್ಟೋ.

ಮೂರನೆಯದು ಹೆಚ್ಚು ಬಿಗಿಯಾದ ವಾದ. ಹರಾಜುಮನೆ ಕೆಟ್ಟದ್ದೇ ಇರಲಿ, ನಾನು ಕೊಳ್ಳುವ ಈ ಒಂದು ಅಂಚೆಚೀಟಿ, ಈ ಒಂದು ನಾಣ್ಯ ಶುದ್ಧವಾಗಿದೆ. ಇದನ್ನು ಕೊಂಡರೆ ತಪ್ಪೇನು? ತಪ್ಪು ವಸ್ತುವಿನಲ್ಲಿಲ್ಲ ಎಂಬುದು ನಿಜ. ಆದರೆ ವಸ್ತು ಶುದ್ಧವಾಗಿದೆ ಎಂದು ಹೇಳಿದವರು ಯಾರು? ಅದೇ ಮನೆಯವರು. ಅವರ ಒಂದು ಮಾತು ಸುಳ್ಳೆಂದು ಬಲ್ಲವನು ಇನ್ನೊಂದನ್ನು ಸತ್ಯವೆಂದು ನಂಬುವುದು ತನಗೆ ಬೇಕಾದ್ದರಿಂದಲೇ ಹೊರತು ಆಧಾರದಿಂದಲ್ಲ. ಅಲ್ಲದೆ ಕೊಟ್ಟ ಬೆಲೆಯಲ್ಲಿ ದಲ್ಲಾಳಿಯ ಪಾಲು ಆ ಮನೆಗೆ ಹೋಗುತ್ತದೆ. ಒಳ್ಳೆಯವರೂ ಇಲ್ಲಿ ಕೊಳ್ಳುತ್ತಾರೆ ಎಂಬ ಹೆಸರೂ ಹೋಗುತ್ತದೆ. ಮೋಸದ ಮನೆಗೆ ಹಣಕ್ಕಿಂತ ಬೇಕಾದದ್ದು ಈ ಹೆಸರೇ. ಒಳ್ಳೆಯ ಗಿರಾಕಿಯೇ ಅದರ ಬಾಗಿಲ ತೋರಣ.

ಹಾಗೆಂದು, ಮೊದಲೇ ಅಲ್ಲಿ ಕೊಂಡವರನ್ನೆಲ್ಲ ಹಳಿಯುವುದು ನ್ಯಾಯವಲ್ಲ. ಮೋಸ ಬಯಲಾಗುವ ಮುನ್ನ ಕೊಂಡವನು ಬೇರೆ, ಬಯಲಾದ ಮೇಲೂ ಕೊಳ್ಳುವವನು ಬೇರೆ. ಸ್ಮೃತಿ ಈ ಭೇದವನ್ನು ಬಲ್ಲದು. ತಿಳಿದ ಗಳಿಗೆಯಿಂದ ಹೊಣೆ ತೊಡಗುತ್ತದೆ.

ನಮ್ಮ ದೇಶದ ಕಾಯಿದೆಗಳೂ ಕೊಳ್ಳುವವನ ಕೈಬಿಟ್ಟಿಲ್ಲ. ೧೮೭೮ರ ನಿಧಿ ಕಾಯಿದೆಯಂತೆ ನೆಲದಲ್ಲಿ ಸಿಕ್ಕಿದ, ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕು. ಹೊಲದಲ್ಲಿ ಸಿಕ್ಕಿದ ವರಹಗಳ ಕುಡಿಕೆ ಗುಟ್ಟಾಗಿ ಮಾರತಕ್ಕ ಸರಕಲ್ಲ. ೧೯೩೦ರ ಸರಕುಗಳ ಮಾರಾಟದ ಕಾಯಿದೆಯಂತೆ, ಮಾರುವವನು ಸುಳ್ಳು ಸವಾಲುಗಳಿಂದ ಬೆಲೆ ಏರಿಸಿದ್ದರೆ ಆ ಕ್ರಯವನ್ನು ಮುರಿಯುವ ಹಕ್ಕು ಕೊಂಡವನಿಗಿದೆ. ೧೯೭೨ರಲ್ಲಿ ಬಂದು ೧೯೭೬ರಲ್ಲಿ ಜಾರಿಯಾದ ಪುರಾತನ ವಸ್ತುಗಳ ಕಾಯಿದೆಯಂತೆ, ನೂರು ವರ್ಷಕ್ಕೆ ಕಡಮೆಯಿಲ್ಲದ ಮೂರ್ತಿ, ನಾಣ್ಯ ಮೊದಲಾದವುಗಳ ವ್ಯಾಪಾರ ಮಾಡುವವನಿಗೆ ಲೈಸೆನ್ಸು ಬೇಕು. ಖಾಸಗಿಯವರು ಅವುಗಳನ್ನು ದೇಶದ ಹೊರಕ್ಕೆ ಸಾಗಿಸಕೂಡದು. ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಇವುಗಳಿಂದಲೇ ಹೊರಡುತ್ತವೆ. ಇದು ಯಾರದಾಗಿತ್ತು? ಯಾವ ಊರಿನದು? ಮಾರುವವನಿಗೆ ಮಾರುವ ಹಕ್ಕುಂಟೆ? ಲೈಸೆನ್ಸು ಎಲ್ಲಿ? ಬೆಲೆ ಏಕೆ ಇಷ್ಟು ಕಡಮೆ? ಇವಕ್ಕೆ ಉತ್ತರ ಬರೆದು ಕೊಡಲು ಹಿಂಜರಿಯುವ ಮನೆಯಿಂದ ಎದ್ದು ಬರುವುದೇ ಮೇಲು. ಸಂಗ್ರಹದಲ್ಲಿ ಒಂದು ಎಡೆ ಬರಿದಾಗಿ ಉಳಿದರೆ ಉಳಿಯಲಿ. ಬರಿದಾದ ಎಡೆಗೆ ಲಜ್ಜೆಯಿಲ್ಲ.

ಲೋಖರಿಯ ಯೋಗಿನಿಯರ ಮಾತು ಇನ್ನೂ ಸ್ವಲ್ಪ ಇದೆ. ಅವರಲ್ಲಿ ಎಮ್ಮೆಯ ಮೊಗದ ವೃಷಾನನೆ ಪ್ಯಾರಿಸಿನಲ್ಲಿ ಸಂಗ್ರಹಕಾರನೊಬ್ಬನ ಬಳಿ ಇದ್ದಳು. ಅವನ ತರುವಾಯ ಅವನ ಹೆಂಡತಿ ೨೦೦೮ರಲ್ಲಿ ತಾನಾಗಿಯೇ ಮೂರ್ತಿಯನ್ನು ಭಾರತದ ರಾಯಭಾರ ಕಚೇರಿಗೆ ಒಪ್ಪಿಸಿದಳು. ೨೦೧೩ರಲ್ಲಿ ಅದು ದೆಹಲಿ ಸೇರಿತು. ಆಡಿನ ಮೊಗದವಳು ಇಂಗ್ಲೆಂಡಿನ ಮನೆಯೊಂದರ ಹೂದೋಟದಲ್ಲಿ ನಿಂತಿದ್ದಳು. ಮನೆಯವರು ಆಕೆ ಎಲ್ಲಿಯವಳೆಂದು ವಿಚಾರಿಸಲು ಹೊರಟದ್ದರಿಂದಲೇ ಗುರುತು ಹತ್ತಿತು. ೨೦೨೨ರ ಜನವರಿ ೧೪ರಂದು, ಮಕರಸಂಕ್ರಾಂತಿಯ ದಿನ, ಲಂಡನ್ನಿನಲ್ಲಿ ಆಕೆಯನ್ನು ಭಾರತದ ವಶಕ್ಕೆ ಕೊಟ್ಟರು.

ಆ ಇಬ್ಬರು ದೇವಿಯರನ್ನು ಹಿಂದಕ್ಕೆ ತಂದದ್ದು ಕೋರ್ಟೂ ಅಲ್ಲ, ಪೊಲೀಸರೂ ಅಲ್ಲ. ವಸ್ತುವನ್ನು ಕೈಯಲ್ಲಿಟ್ಟುಕೊಂಡಿದ್ದವರು ಮೂಲ ಯಾವುದೆಂದು ಕೇಳಿದರು. ಉತ್ತರ ತಿಳಿದ ಮೇಲೆ ಕೊಟ್ಟುಬಿಟ್ಟರು. ಅದೇ ಪ್ರಶ್ನೆಯನ್ನು ಮೊದಲು ಕೊಂಡವನು ಹರಾಜಿನ ಕಟ್ಟೆಯಲ್ಲಿಯೇ ಕೇಳಿದ್ದರೆ ಲೋಖರಿಯ ಗುಡಿ ಬರಿದಾಗುತ್ತಿರಲಿಲ್ಲ.